ಹಾಡು ನಿಲ್ಲಿಸಿದವಳು

"ಗುರುಗಳೇ, ನಮ್ಮ ಭಕ್ತರು ಆಫ್ರಿಕಾದ ಒಂದು ಬಡ ಊರಿನ ಶಾಲೆಗೆ ಛಾವಣಿ ಹಾಕಿಸಿಕೊಟ್ಟರು. ಅದನ್ನು ಕಣ್ಣಾರೆ ನೋಡಿ ಬರೋಣವೆಂದು ನಾವೊಂದಷ್ಟು ಮಂದಿ ಹೊರಟಿದ್ದೇವೆ. ಶಾಲೆಯವರು ನೋಡಿದರೆ, ಮಕ್ಕಳಿಗೆ ಪರೀಕ್ಷೆ ಇದೆ, ಈಗ ಬರಬೇಡಿ ಎಂದು ಹೇಳಿಕಳಿಸಿದ್ದಾರೆ. ಕೊಟ್ಟವರನ್ನೇ ಬರಬೇಡಿ ಎನ್ನುವುದು ಕೃತಘ್ನತೆಯಲ್ಲವೆ?" ಎಂದು ಶಿಷ್ಯ ಕೇಳಿದ.

ಗುರುವಿನ ಮುಖ ಬಿಗಿಯಿತು. ಅವರು ಈ ಕತೆ ಹೇಳಿದರು.

ಅದೇ ಸೀಮೆಯ ಇನ್ನೊಂದು ಊರಿನಲ್ಲಿ ಅಪಿಯೋ ಎಂಬ ಹೆಣ್ಣುಮಗಳು ಮಕ್ಕಳಿಗೆ ಪಾಠ ಹೇಳುತ್ತಿದ್ದಳು. ಅಲ್ಲಿ ಏಳನೆಯ ತರಗತಿಯ ಪರೀಕ್ಷೆ ಪಾಸಾದ ಮಗು ಪಟ್ಟಣದ ಶಾಲೆಗೆ ಹೋಗುತ್ತದೆ. ಪಾಸಾಗದ ಮಗು ಇದ್ದಿಲು ಸುಡುವ ಗೂಡಿಗೆ ಹೋಗುತ್ತದೆ. ನಡುವೆ ಮೂರನೆಯ ದಾರಿ ಇಲ್ಲ. ಲಾಕೇರ್ ಎಂಬ ಹುಡುಗಿ ಪಾಸಾಗುತ್ತಾಳೆಂದು ಅಪಿಯೋ ಬಲವಾಗಿ ನಂಬಿದ್ದಳು. ಲಾಕೇರಳ ತಾಯಿ ಗೂಡಿನಲ್ಲೇ ಕೆಮ್ಮಿ ಕೆಮ್ಮಿ ಸತ್ತಿದ್ದಳು.

ಆ ಶಾಲೆಗೆ ಗೋಡೆ, ತಗಡಿನ ಛಾವಣಿ ಹಾಕಿಸಿಕೊಟ್ಟವನು ನಮ್ಮ ಕಡೆಯಿಂದ ಹೋಗಿ ನೆಲೆಸಿದ್ದ ಒಬ್ಬ ವರ್ತಕ. ಒಳ್ಳೆಯ ಕೆಲಸವೇ, ಅಲ್ಲವೆನ್ನುವುದಿಲ್ಲ.

ಆ ಊರಿನಲ್ಲಿ ಒಂದು ಪದ್ಧತಿ. ಅತಿಥಿ ಬಂದರೆ ಮಕ್ಕಳು ಅಂಗಳದಲ್ಲಿ ನಿಂತು ಸ್ವಾಗತದ ಹಾಡು ಹಾಡಬೇಕು. ಅತಿಥಿ ಕುಳಿತ ಮೇಲೆಯೇ ಹಾಡು ನಿಲ್ಲಬೇಕು. ಅವನು ನಿಂತಿರುವಾಗ ನಿಲ್ಲಿಸಿದರೆ, ಬಂದ ದಾರಿ ಹಿಡಿ ಎಂದು ಮುಖಕ್ಕೆ ಹೇಳಿದ ಹಾಗೆ. ಅದಕ್ಕೇ ಆ ಊರಿನವರು ಯಾರ ಮನೆಗೆ ಹೋದರೂ ತಟ್ಟನೆ ಕುಳಿತುಬಿಡುತ್ತಾರೆ. ಹಾಡುವವರ ಗಂಟಲಿನ ಮೇಲೆ ಅಷ್ಟು ಕರುಣೆ ಅವರಿಗೆ.

ವರ್ತಕ ಮೊದಲ ಸಲ ಬಂದಾಗ ಕೈಮುಗಿದು ನಿಂತೇ ಇದ್ದ. ಮಂಗಳಾರತಿಗೆ ನಾವು ಎದ್ದು ನಿಲ್ಲುವುದಿಲ್ಲವೆ, ಹಾಗೆ. ಕುಳಿತರೆ ಅಗೌರವವೆಂದು ಅವನ ಲೆಕ್ಕ. ಪಾಪ, ಮಕ್ಕಳು ಹಾಡಿದರು, ಹಾಡಿದರು, ಬಿಸಿಲು ನೆತ್ತಿಗೆ ಬಂತು. ಅವನು ಹೊರಡುವಾಗ ಅಪಿಯೋ ಮೆಲ್ಲಗೆ ಪದ್ಧತಿ ತಿಳಿಸಿದಳು. "ಅಯ್ಯೋ, ಮೊದಲೇ ಹೇಳಬಾರದಿತ್ತೇನಮ್ಮ" ಎಂದು ಅವನು ನಕ್ಕ. ತಿಳಿಯದೆ ಆದದ್ದು. ಅವಳೂ ಅದನ್ನು ಅಲ್ಲಿಗೇ ಬಿಟ್ಟಳು.

ಮರುವರ್ಷ ಅವನು ನೆಂಟರಿಷ್ಟರನ್ನು ಕಟ್ಟಿಕೊಂಡು ಬಂದ, ಅದೂ ಲಾಕೇರಳ ಪರೀಕ್ಷೆಯ ಹಿಂದಿನ ದಿನ. ಮಕ್ಕಳನ್ನು ಓದಲು ಬಿಡಿ ಎಂದು ಅಪಿಯೋ ಊರ ಹಿರಿಯರ ಕಾಲು ಹಿಡಿದಳು. ಸೂರು ಕೊಟ್ಟವನಿಗೆ ಹಾಡಿಲ್ಲದೆ ಹೇಗಮ್ಮ ಎಂದರು ಅವರು. ಮಕ್ಕಳು ಪುಸ್ತಕ ಮುಚ್ಚಿಟ್ಟು ಬಿಸಿಲಿಗೆ ಬಂದು ನಿಂತರು.

ಈ ಸಲವೂ ವರ್ತಕ ಕುಳಿತುಕೊಳ್ಳಲಿಲ್ಲ. ನೆಂಟರು ಫೋಟೊ ತೆಗೆಯುತ್ತಿದ್ದರು. ಹಾಡು ಮುಗಿದು ಮತ್ತೆ ಮೊದಲಿನಿಂದ ಶುರುವಾಯಿತು, ಮತ್ತೆ ಮುಗಿಯಿತು, ಮತ್ತೆ ಶುರುವಾಯಿತು. ಅಪಿಯೋ ತಾನೇ ಕುರ್ಚಿ ತಂದು ಅವನ ಹಿಂದೆ ಇಟ್ಟಳು.

"ಕುಳಿತುಕೊಳ್ಳಿ."

"ತಾಳಮ್ಮ, ಇನ್ನೊಂದು ಚೂರು. ನಾನು ಕೂತರೆ ನಿಲ್ಲಿಸಿಬಿಡ್ತಾವಲ್ಲ."

ಗೊತ್ತಿದ್ದೂ ನಿಂತಿದ್ದ, ಆ ಮಹಾನುಭಾವ.

ಅಷ್ಟರಲ್ಲಿ ಲಾಕೇರ್ ಬಿದ್ದಳು. ಪಕ್ಕದ ಮಕ್ಕಳು ಅವಳತ್ತ ನೋಡುತ್ತಲೇ ಹಾಡಿದರು. ಕಲಿಸಿದ್ದೇ ಹಾಗೆ. ಅಪಿಯೋಳ ಮೈ ಉರಿದುಹೋಯಿತು. ಅವಳು ನಡುವೆ ಬಂದು ಕೈಯೆತ್ತಿ, "ಸಾಕು, ನಿಲ್ಲಿಸಿ" ಎಂದಳು. ನಿಂತಿರುವ ಅತಿಥಿಯ ಮುಂದೆ ಆ ಊರಿನಲ್ಲಿ ಹಾಡು ನಿಂತದ್ದು ಅದೇ ಮೊದಲು. ಹಿರಿಯರು ತಲೆ ತಗ್ಗಿಸಿದರು. ವರ್ತಕನಿಗೂ ಅದರ ಅರ್ಥ ತಿಳಿದಿತ್ತು. ಉಂಡ ಮನೆಯ ಜಂತೆ ಎಣಿಸುವ ಜನ ಎಂದು ಬೈಯುತ್ತ ಕಾರು ಹತ್ತಿದ. ಆ ಅಂಗಳದಲ್ಲಿ ಉಂಡವನು ತಾನೇ ಎಂಬುದು ಅವನಿಗೆ ಹೊಳೆಯಲೇ ಇಲ್ಲ.

ಲಾಕೇರಳಿಗೆ ಜ್ವರ ಏರಿತು. ಮಾರನೆಯ ದಿನ ಅವಳು ಪರೀಕ್ಷೆಗೆ ಕೂರಲಿಲ್ಲ. ಈಗ ಅವಳು ಇದ್ದಿಲ ಗೂಡಿನಲ್ಲಿದ್ದಾಳೆ. ವರ್ತಕನ ಮನೆಯ ನಡುಮನೆಯಲ್ಲಿ ಆ ಫೋಟೊ ಇದೆ. ಅದರಲ್ಲಿ ಅವಳು ಬಾಯಿ ತೆರೆದು ಹಾಡುತ್ತಿದ್ದಾಳೆ.

ಗುರು ಕತೆ ನಿಲ್ಲಿಸಿದರು. ಶಿಷ್ಯ ಮೆಲ್ಲಗೆ ಹೇಳಿದ: "ಆದರೆ ಗುರುಗಳೇ, ಆ ವರ್ತಕನಿಗೆ ಎಲ್ಲ ಗೊತ್ತಿತ್ತು. ನಮಗೆ ಗೊತ್ತಿರಲಿಲ್ಲ."

"ಈಗ ನಿನಗೂ ಗೊತ್ತು" ಎಂದರು ಗುರು.