ಬೈರಿಗೆಯೂ ಸೋನಾರೂ

ಹೆಪ್ಪುಗಟ್ಟಿದ ಸರೋವರದ ಮೇಲೆ ಮೀನುಗಾರ್ತಿಯ ಬೈರಿಗೆ ಬೆಳಗಿನಿಂದ ಸಿಕ್ಕಸಿಕ್ಕಲ್ಲಿ ತೂತು ಕೊರೆದು ಹಲ್ಲು ಸವೆಸಿಕೊಂಡಿತ್ತು. ಒಂದು ಮೀನೂ ಸಿಕ್ಕಿರಲಿಲ್ಲ. ಕೊನೆಗೆ ಅವಳು ಮೀನು ಹುಡುಕುವ ಸೋನಾರ್ ಯಂತ್ರವನ್ನು ಚೀಲದಿಂದ ತೆಗೆದಳು.

"ನಾನು ಕೊರೆಯದೆ ನಿನಗೇನು ಕಂಡೀತು?" ಎಂದು ಬೈರಿಗೆ ಹಂಗಿಸಿತು.

"ನನಗೆ ಕಣ್ಣಿಲ್ಲ ಅಣ್ಣ. ಒಂದು ಸದ್ದು ಕಳಿಸುತ್ತೇನೆ, ಮರಳಿ ಬಂದದ್ದನ್ನು ಸುಮ್ಮನೆ ಕೇಳುತ್ತೇನೆ," ಎಂದಿತು ಸೋನಾರ್.

ಸದ್ದು ಕೆಳಗಿಳಿಯಲೆಂದು ಮೀನುಗಾರ್ತಿ ಮಂಜುಗಡ್ಡೆಯ ಮೇಲೆ ತುಸು ನೀರು ಚೆಲ್ಲಿ ಸೋನಾರನ್ನು ಇಟ್ಟಳು. "ಇಲ್ಲಿ ಮೀನಿಲ್ಲ," ಎಂದಿತು. ಮುಂದೆ ಸರಿಸಿದಳು. "ಇಲ್ಲೂ ಇಲ್ಲ." ಇನ್ನಷ್ಟು ದೂರ ಹೋದ ಮೇಲೆ ಹೇಳಿತು, "ಅಣ್ಣಾ, ಈಗ ಕೊರೆ."

ಬೈರಿಗೆ ಕೊರೆಯಿತು. ಗಾಳ ಇಳಿಸುತ್ತಲೇ ಮೀನು ಕಚ್ಚಿತು.

ಸಂಜೆ ಮೀನುಗಾರ್ತಿ ಎಂದಿನಂತೆ ಒಣಬಟ್ಟೆ ಹಿಡಿದು ಬೈರಿಗೆಯ ಬಳಿ ಬಂದಳು.

"ಮೊದಲು ತಮ್ಮನನ್ನು ಒರೆಸಮ್ಮ," ಎಂದಿತು ಬೈರಿಗೆ. "ನನ್ನ ಹಲ್ಲು ಉಳಿದದ್ದು ಅವನ ಕಿವಿಯಿಂದ."