ತನ್ನದೇ ಫಾಂಟಿನ ಕಂಪ್ಯೂಟರು

ಮುದ್ರಣಾಲಯದ ಹಳೆಯ ಕಂಪ್ಯೂಟರು ತನ್ನದೇ ಒಂದು ಫಾಂಟಿನಲ್ಲಿ ಕನ್ನಡ ಬರೆಯುತ್ತಿತ್ತು. ಅದು ಕಳಿಸಿದ ಲಗ್ನಪತ್ರಿಕೆ ಮತ್ತೊಮ್ಮೆ ಅರ್ಥವಿಲ್ಲದ ಚಿಹ್ನೆಗಳಾಗಿ ತೆರೆದುಕೊಂಡಾಗ ಹೆಣ್ಣಿನ ತಂದೆಯ ಮೊಬೈಲು ರೇಗಿತು.

“ಮದುವೆ ಹತ್ತಿರ ಬಂತು, ನೆಂಟರಿಗೆ ಮುಹೂರ್ತವೇ ತಿಳಿಯುತ್ತಿಲ್ಲ. ಎಲ್ಲರೂ ಒಪ್ಪಿಕೊಂಡಿರುವ ಯೂನಿಕೋಡಿನಲ್ಲಿ ಬರೆಯಿರಿ ಅಂತ ಎಷ್ಟು ಸಲ ಹೇಳಲಿ, ಯಜಮಾನರೇ? ನಿಮ್ಮ ಫಾಂಟು ಇರುವುದು ನಿಮ್ಮೊಬ್ಬರ ಹತ್ತಿರ ಮಾತ್ರ.”

“ನನ್ನ ಪರದೆಯ ಮೇಲೆ ಮುತ್ತು ಪೋಣಿಸಿದ ಹಾಗಿದೆ,” ಎಂದಿತು ಕಂಪ್ಯೂಟರು. “ನಿಮಗೆ ಓದಲು ಬರದಿದ್ದರೆ ನಾನೇನು ಮಾಡಲಿ?”

ಮರುದಿನ ಕಂಪ್ಯೂಟರು ಕೆಟ್ಟಿತು. ರಿಪೇರಿಯವನು ಎಲ್ಲವನ್ನೂ ಅಳಿಸಿ, ಹಳೆಯ ಫೈಲುಗಳನ್ನು ಮತ್ತೆ ತುಂಬಿಸಿದ. ಫಾಂಟು ಹಾಕುವುದನ್ನು ಮರೆತ. ಚೇತರಿಸಿಕೊಂಡ ಕಂಪ್ಯೂಟರು ಅದೇ ಲಗ್ನಪತ್ರಿಕೆಯನ್ನು ತೆರೆದು ನೋಡಿ ಸಿಡುಕಿತು.

“ಯಾವ ದಡ್ಡ ಬರೆದಿದ್ದು ಇದನ್ನು? ಒಂದಕ್ಷರವೂ ಓದಲಾಗುತ್ತಿಲ್ಲ.”