ಮೊಲ ಹೇಳಿದ ಸಾಕ್ಷಿ

“ಮೇಡಂ, ಎಲ್ಲರೂ ಒಂದೇ ಮಾತು ಹೇಳುವಾಗ ಅವಳನ್ನು ಮತ್ತೇನು ಕೇಳುವುದಿದೆ?” ಎಂದು ಶಿಷ್ಯ ಪ್ರಶ್ನಿಸಿದ.

ಶಿಷ್ಯನ ಹೆಸರು ಧರಣೇಂದ್ರ. ವಾರಿಜಾ ಮೇಡಂ ಅವರ ಪ್ರಯೋಗಾಲಯದಲ್ಲಿ ಸಂಶೋಧನೆ ಮಾಡುತ್ತಿದ್ದ. ಫ್ರೀಜರಿನ ಬಾಗಿಲನ್ನು ಯಾರೋ ಸರಿಯಾಗಿ ಮುಚ್ಚದೆ ಹೋಗಿ, ಅವನು ಕೂಡಿಟ್ಟ ಮಾದರಿಗಳೆಲ್ಲ ಕರಗಿ ಹಾಳಾಗಿದ್ದವು. ಹೊಸದಾಗಿ ಸೇರಿದ ಜಯಶೀಲೆಯದೇ ಈ ಕೆಲಸ ಎಂದು ಅಲ್ಲಿದ್ದವರೆಲ್ಲ ಹೇಳುತ್ತಿದ್ದರು. ಅವಳನ್ನು ಇವತ್ತೇ ಕೆಲಸದಿಂದ ಬಿಡಿಸಿ ಕಳಿಸಿ ಎನ್ನಲು ಅವನು ಬಂದಿದ್ದ. ಅವನ ಸಂಕಟವೇನೂ ಸುಳ್ಳಲ್ಲ. ವರ್ಷಗಟ್ಟಲೆ ದುಡಿದದ್ದು ನೀರುಪಾಲಾಗಿತ್ತು.

“ಕೂತುಕೋ,” ಎಂದರು ಮೇಡಂ. ಅವರು ಹಾಗೆಂದರೆ ಕತೆ ಬರುತ್ತದೆಂದೇ ಲೆಕ್ಕ. ಧರಣೇಂದ್ರನಿಗೆ ಆಗ ಯಾವ ಕತೆಯೂ ಬೇಕಿರಲಿಲ್ಲ. ಆದರೂ ಕೂತ.

“ಒಬ್ಬ ಸಂಶೋಧಕಿ ಇದ್ದಳು. ಒಂದು ಎಂಜೈಮಿನ ಬೆನ್ನು ಹತ್ತಿದ್ದಳು. ಅದು ಯಕೃತ್ತಿನಲ್ಲಿದೆ ಎಂಬುದು ಎಲ್ಲರಿಗೂ ಗೊತ್ತು. ಮೂತ್ರಪಿಂಡದಲ್ಲೂ ಇದೆ ಎಂದು ತೋರಿಸಬೇಕೆಂಬುದು ಅವಳ ಹಟ. ಇಲಿಯ ಯಕೃತ್ತಿನಿಂದ ಎಂಜೈಮನ್ನು ಬೇರ್ಪಡಿಸಿ, ಸೀಸೆಗೆ ತುಂಬಿ, ಸ್ವಲ್ಪವನ್ನು ಒಂದು ಮೊಲಕ್ಕೆ ಚುಚ್ಚಿದಳು. ಮೊಲದ ಮೈ ಇದ್ಯಾರೋ ಹೊರಗಿನವರು ಎಂದು ತಿಳಿದು ಪ್ರತಿಕಾಯಗಳನ್ನು ತಯಾರು ಮಾಡಿತು. ಒಂದೇ ಬಗೆಯವಲ್ಲ, ಹಲವು ಬಗೆಯವು. ಒಂದು ಎಂಜೈಮಿನ ಈ ತುದಿ ಹಿಡಿದರೆ ಇನ್ನೊಂದು ಆ ತುದಿ, ಮತ್ತೊಂದು ನಡು. ಮೊಲದ ರಕ್ತದಿಂದ ತೆಗೆದ ಆ ಸೀರಮ್ ಹಾಕಿದರೆ, ಎಂಜೈಮ್ ಇದ್ದಲ್ಲಿ ಕಪ್ಪು ಪಟ್ಟಿ ಮೂಡಬೇಕು.

“ಅವಳು ಮೊದಲು ಸೀಸೆಯಲ್ಲಿ ಉಳಿದದ್ದರ ಮೇಲೆಯೇ ನೋಡಿದಳು. ಪಟ್ಟಿ ಮೂಡಿತು. ಆಮೇಲೆ ಮೂತ್ರಪಿಂಡದಲ್ಲಿ ನೋಡಿದಳು. ಅಲ್ಲೂ ಮೂಡಿತು. ಸಂತೋಷಕ್ಕೆ ಅವಳಿಗೆ ನೆಲ ಕಾಣಲಿಲ್ಲ. ‘ಈ ಎಂಜೈಮೇ ಇಲ್ಲದಂತೆ ಬೆಳೆಸಿದ ಇಲಿಗಳಿವೆಯಲ್ಲ, ಅವುಗಳ ಮೇಲೆ ನೋಡಿದೆಯಾ?’ ಎಂದು ಹಿರಿಯರೊಬ್ಬರು ಕೇಳಿದರು. ‘ಇಷ್ಟೊಂದು ಪ್ರತಿಕಾಯಗಳು ಒಟ್ಟಿಗೆ ಹೌದು ಅನ್ನುತ್ತಿವೆ ಸಾರ್, ಇನ್ನೇನು ಬೇಕು?’ ಎಂದಳು. ಸಭೆಯಲ್ಲಿ ನಿಂತು ಸಾರಿಯೂ ಬಿಟ್ಟಳು.

“ಬೇರೆ ಊರಿನವರು ಅದೇ ಸೀರಮ್ ತರಿಸಿಕೊಂಡು, ಎಂಜೈಮೇ ಇಲ್ಲದ ಇಲಿಯ ಮೂತ್ರಪಿಂಡದ ಮೇಲೆ ಹಾಕಿದರು. ಅಲ್ಲೂ ಪಟ್ಟಿ ಮೂಡಿತು, ಅಷ್ಟೇ ಕಪ್ಪಗೆ. ಅವಳು ಮತ್ತೆ ಸೀಸೆಯನ್ನು ಪರೀಕ್ಷಿಸಿದಳು. ಎಂಜೈಮಿನ ಜೊತೆಗೆ ಅಷ್ಟೇ ಗಾತ್ರದ ಇನ್ನೊಂದು ಪ್ರೋಟೀನು ಸೇರಿಕೊಂಡಿತ್ತು. ಮೊಲ ಎರಡಕ್ಕೂ ಪ್ರತಿಕಾಯ ಮಾಡಿತ್ತು. ಮೂತ್ರಪಿಂಡದಲ್ಲಿ ಇದ್ದದ್ದು ಆ ಇನ್ನೊಂದು. ಹೇಳಿದ್ದನ್ನೆಲ್ಲ ನಾಲ್ಕು ಜನರ ಮುಂದೆ ಹಿಂದಕ್ಕೆ ತೆಗೆದುಕೊಂಡಳು. ಹಾಳು ಮೊಲ ನನಗೆ ಮೋಸ ಮಾಡಿತು ಎಂದು ಅತ್ತಳಂತೆ. ಮೊಲಕ್ಕೇನು ಗೊತ್ತು, ಪಾಪ. ಅವಳು ಕೊಟ್ಟದ್ದನ್ನೇ ಅದು ಅವಳಿಗೆ ತಿರುಗಿ ತೋರಿಸಿತ್ತು. ಪ್ರತಿಕಾಯ ಎಷ್ಟಿದ್ದರೇನು, ಎಲ್ಲವೂ ಕಲಿತದ್ದು ಒಂದೇ ಸೀಸೆಯಿಂದ.”

ಮೇಡಂ ನೀರು ಕುಡಿದರು. ಧರಣೇಂದ್ರನಿಗೆ ತಾಳ್ಮೆ ತಪ್ಪುತ್ತಿತ್ತು. ಮೊಲದ ಕತೆ ಕೇಳಿ ತನ್ನ ಮಾದರಿಗಳು ವಾಪಸು ಬರುವುದಿಲ್ಲವಲ್ಲ ಎಂದು ಅವನಿಗೆ ಸಿಟ್ಟೂ ಬಂತು.

“ಅದು ಅವಳ ಅವಸರ, ಮೇಡಂ,” ಎಂದ. “ಇಲ್ಲಿ ಹಾಗಲ್ಲ. ಒಬ್ಬೊಬ್ಬರೂ ಬೇರೆ ಬೇರೆಯಾಗಿ ಬಂದು ಜಯಶೀಲೆಯ ಹೆಸರು ಹೇಳಿದ್ದಾರೆ.”

“ಹೌದು, ನನಗೂ ಬಂದು ಹೇಳಿದರು,” ಎಂದರು ಮೇಡಂ. “ಬೆಳಗ್ಗೆ ಬಾಗಿಲಲ್ಲೇ ನಿಂತು, ಬಂದಬಂದವರ ಕಿವಿಗೆಲ್ಲ ಆ ಹೆಸರು ಹಾಕಿದವನು ನೀನೇ ಅಲ್ಲವೇನಪ್ಪಾ?”